ಕುಟುಂಬ ಹಾಕಿಗೆ ಊಹೆಯ ಆಟ: ಚೀಟಿಯೋ, ಪೂರ್ತಿ ಪಟ್ಟಿಯೋ, ಸುತ್ತು ಸುತ್ತಿನ ಲೆಕ್ಕವೋ?

ಕೊಡವ ಕುಟುಂಬಗಳ ಹಾಕಿ ಉತ್ಸವದ ಟೈಸ್ ಪಟ್ಟಿ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ಕೈಗೆ ಬಂದ ದಿನವೇ ಮನೆ, ಆಫೀಸು, ಕ್ಲಬ್ಬು, ವಾಟ್ಸ್‌ಆ್ಯಪ್ ಗುಂಪು ಎಲ್ಲ ಕಡೆ ‘ಈ ಸಲ ಕಪ್ ಯಾರಿಗೆ?’ ಎಂಬ ಮಾತು ಶುರುವಾಗುತ್ತದೆ. ಆ ಮಾತನ್ನೇ ಒಂದು ಆಟವಾಗಿ ಕಟ್ಟೋಣ ಎಂದು ಹೊರಟವರು ಮೊದಲು ಎಡವುವುದು ಆಟದ ಬಗೆ ಆರಿಸುವಲ್ಲಿ. ಒಬ್ಬರು ಚೀಟಿ ಎತ್ತೋಣ ಅನ್ನುತ್ತಾರೆ, ಇನ್ನೊಬ್ಬರಿಗೆ ಫೈನಲ್‌ವರೆಗಿನ ಪಟ್ಟಿಯನ್ನು ಮೊದಲೇ ತುಂಬಿಸಿಕೊಳ್ಳಬೇಕು, ಮತ್ತೊಬ್ಬರಿಗೆ ದಿನದಿನದ ಪಂದ್ಯದ ಸ್ಕೋರೇ ಬೇಕು. ಮೂರೂ ನಡೆಯುವ ಆಟಗಳೇ. ಆದರೆ ಮೂರೂ ಎಲ್ಲ ಗುಂಪಿಗೂ ಹೊಂದುವುದಿಲ್ಲ.

ಆರಿಸುವಾಗ ನೋಡಬೇಕಾದ್ದು ಇಷ್ಟು. ಗುಂಪಿನಲ್ಲಿ ಎಷ್ಟು ಜನ, ಅವರಲ್ಲಿ ಹಾಕಿಯನ್ನು ಹತ್ತಿರದಿಂದ ನೋಡುವವರು ಎಷ್ಟು? ಲೆಕ್ಕ ಇಡುವವರು ದಿನಕ್ಕೆ ಎಷ್ಟು ನಿಮಿಷ ಕೊಡಬಲ್ಲರು? ತಡವಾಗಿ ಬಂದವರನ್ನು ಸೇರಿಸಿಕೊಳ್ಳಲು ದಾರಿ ಇದೆಯೇ? ತಮ್ಮ ಒಕ್ಕದ, ಅಂದರೆ ಕುಟುಂಬದ, ತಂಡ ಆಡುವಾಗ ಊಹೆಯ ಗತಿ ಏನು? ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ಮೊದಲ ವಾರವೇ ಹಿಂದೆ ಬಿದ್ದವರಿಗೆ ಫೈನಲ್ ದಿನದವರೆಗೂ ಆಟದಲ್ಲಿ ಆಸೆ ಉಳಿಯುತ್ತದೆಯೇ? ಊಹೆಯ ಆಟ ಕೆಡುವುದು ಲೆಕ್ಕ ತಪ್ಪಿ ಅಲ್ಲ. ಮೂವತ್ತು ಜನ ಸೇರಿ, ಸೆಮಿಫೈನಲ್ ಹೊತ್ತಿಗೆ ಐದು ಜನ ಮಾತ್ರ ಕೇಳುವವರಾಗಿ ಉಳಿದಾಗ ಅದು ಕೆಡುತ್ತದೆ. ಮುಂದಿನ ಪ್ರತಿ ಆಯ್ಕೆಯನ್ನೂ ಈ ಪ್ರಶ್ನೆಯಿಂದಲೇ ತೂಗುತ್ತೇವೆ.

ಮೊದಲು: ಯಾವ ಸುತ್ತಿನಿಂದ ಶುರು?

ಬಗೆ ಯಾವುದೇ ಇರಲಿ, ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಈ ಉತ್ಸವ ಶುರು ಮಾಡಿದಾಗ ಸೇರಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ (ನಡೆಸುವ ಕುಟುಂಬದ ಹೆಸರೇ ಕಪ್‌ಗೆ) 360 ತಂಡಗಳು ಹೆಸರು ಕೊಟ್ಟವು, 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ನಾಕೌಟ್‌ನಲ್ಲಿ ಒಂದು ಪಂದ್ಯಕ್ಕೆ ಒಂದು ತಂಡ ಹೊರಗೆ ಹೋಗುತ್ತದೆ. ಹಾಗಾಗಿ 396 ತಂಡಗಳಲ್ಲಿ ಒಂದೇ ಉಳಿಯಬೇಕಾದರೆ 395 ಪಂದ್ಯ ಬೇಕು. ಪಟ್ಟಿಯನ್ನು 512ರ ಲೆಕ್ಕಕ್ಕೆ ಕೂರಿಸಿದರೆ 116 ತಂಡಗಳಿಗೆ ಬೈ ಸಿಗುತ್ತದೆ (ಆಡದೆಯೇ ಎರಡನೇ ಸುತ್ತಿಗೆ ಹೋಗುತ್ತವೆ), ಉಳಿದ 280 ತಂಡಗಳು ಮೊದಲ ಸುತ್ತಿನಲ್ಲೇ 140 ಪಂದ್ಯ ಆಡುತ್ತವೆ. ಮೂವತ್ತು ಜನರ ಗುಂಪು ಮೊದಲ ದಿನದಿಂದ ಊಹಿಸುತ್ತಾ ಹೋದರೆ ಬರೆದಿಡಬೇಕಾದ ಉತ್ತರಗಳು 11,850. ಅದನ್ನು ಬಿಡುವಿನ ವೇಳೆಯಲ್ಲಿ ಯಾರೂ ನಿಭಾಯಿಸಲಾರರು.

ಇನ್ನೊಂದು ಕಾರಣವೂ ಇದೆ. ಮೊದಲ ಸುತ್ತುಗಳಲ್ಲಿ ಊರಿನ ಹಿರಿಯರು, ಶಾಲೆಯ ಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಒಂದೇ ತಂಡದಲ್ಲಿ ಕೋಲು ಹಿಡಿದು ಇಳಿಯುತ್ತಾರೆ. ಉತ್ಸವದ ಚೆಲುವೇ ಅದು. ಆದರೆ ಯಾವ ತಂಡಕ್ಕೆ ಬೆಂಗಳೂರಿನಿಂದ ಯಾರು ಬರುತ್ತಾರೆ, ಸೇನೆಯಲ್ಲಿರುವವರಿಗೆ ರಜೆ ಸಿಕ್ಕಿತೇ ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕೊನೆಯ 32 ತಂಡಗಳು ಉಳಿಯುವ ಹೊತ್ತಿಗೆ ಪ್ರತಿ ತಂಡವನ್ನೂ ಎರಡು ಮೂರು ಸಲವಾದರೂ ನೋಡಿರುತ್ತೇವೆ, ಊಹೆಗೆ ಆಧಾರ ಇರುತ್ತದೆ.

32ರಿಂದ ಶುರು ಮಾಡಿದರೆ 31 ಪಂದ್ಯ, 16ರಿಂದ 15, ಕ್ವಾರ್ಟರ್ ಫೈನಲ್‌ನಿಂದ 7. ಬಹುತೇಕ ಗುಂಪುಗಳಿಗೆ 16 ಸರಿಯಾದ ಜಾಗ. ಲೆಕ್ಕಕ್ಕೆ ಇಬ್ಬರಿದ್ದರೆ 32. ಕ್ವಾರ್ಟರ್‌ನಿಂದ ಶುರು ಮಾಡುವ ಆಲೋಚನೆ ಇದ್ದರೆ ಒಂದು ತೊಡಕು ನೆನಪಿಡಿ: 7 ಪಂದ್ಯಗಳನ್ನು ಒಟ್ಟು 128 ಬಗೆಯಲ್ಲಷ್ಟೇ ಊಹಿಸಬಹುದು. ಎಲ್ಲರೂ ನಾಣ್ಯ ಚಿಮ್ಮಿಯೇ ಬರೆದರೂ, 14 ಜನ ಸೇರಿದರೆ ಇಬ್ಬರ ಪಟ್ಟಿ ಅಚ್ಚು ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಜನ ನಾಣ್ಯ ಚಿಮ್ಮುವುದಿಲ್ಲ, ಬಲವಾದ ತಂಡಗಳನ್ನೇ ಬರೆಯುತ್ತಾರೆ, ಆದ್ದರಿಂದ ಸಮ ಆಗುವುದು ಇನ್ನೂ ಸುಲಭ. 16 ತಂಡಗಳಿದ್ದರೆ ಈ ಬಗೆಗಳ ಸಂಖ್ಯೆ 32,768ಕ್ಕೆ ಏರುತ್ತದೆ.

ಪೂರ್ತಿ ಪಟ್ಟಿ

ಮೊದಲ ಪಂದ್ಯದ ಮುಂಚೆಯೇ ಫೈನಲ್‌ವರೆಗೆ ಎಲ್ಲ ಗೆಲುವನ್ನೂ ಬರೆದು ಕೊಡುವುದು. ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಒಂದು ಹಾಳೆಯಲ್ಲಿ ಮುಗಿಯುತ್ತದೆ, ಲೆಕ್ಕ ಇಡುವವರಿಗೆ ಹಾಳೆ ಸಂಗ್ರಹಿಸುವ ದಿನ ಬಿಟ್ಟರೆ ಹೆಚ್ಚು ಕೆಲಸ ಇಲ್ಲ. ನೂರಿನ್ನೂರು ಜನರ ಸಂಘ, ಕೊಡವ ಸಮಾಜ, ದೊಡ್ಡ ಹಳೆ ವಿದ್ಯಾರ್ಥಿ ಬಳಗಕ್ಕೆ ಇದನ್ನು ಬಿಟ್ಟರೆ ಬೇರೆ ದಾರಿ ಕಷ್ಟ.

ಕೊರತೆ ಒಂದೇ, ಆದರೆ ದೊಡ್ಡದು. ಕಪ್ ಗೆಲ್ಲುತ್ತದೆ ಎಂದು ಬರೆದ ತಂಡ ಪ್ರೀ ಕ್ವಾರ್ಟರ್‌ನಲ್ಲೇ (16 ತಂಡಗಳ ಸುತ್ತಿನಲ್ಲೇ) ಬಿದ್ದರೆ ನಿಮ್ಮ ಹಾಳೆಯ ಅರ್ಧ ಸತ್ತಂತೆ. ಎಷ್ಟು ಸಾಯುತ್ತದೆ ಎಂಬುದು ಅಂಕ ಹಂಚುವ ರೀತಿಯ ಮೇಲೆ ನಿಂತಿದೆ. ಸಾಮಾನ್ಯವಾಗಿ ಬಳಸುವುದು 1, 2, 4, 8: ಪ್ರೀ ಕ್ವಾರ್ಟರ್‌ಗೆ ಒಂದು, ಕ್ವಾರ್ಟರ್‌ಗೆ ಎರಡು, ಸೆಮಿಗೆ ನಾಲ್ಕು, ಫೈನಲ್‌ಗೆ ಎಂಟು. ಪ್ರತಿ ಸುತ್ತಿಗೂ 8 ಅಂಕ ಬಂದು ಒಟ್ಟು 32 ಆಗುತ್ತದೆ, ನೋಡಲು ಅಂದ. ಆದರೆ ಚಾಂಪಿಯನ್ ಆಗುವ ತಂಡ ನಾಲ್ಕೂ ಪಂದ್ಯ ಗೆಲ್ಲುವುದರಿಂದ ಆ ಒಂದೇ ಹೆಸರಿನ ಮೇಲೆ 15 ಅಂಕ ಕೂತಿರುತ್ತದೆ, ಹೆಚ್ಚುಕಡಿಮೆ ಒಟ್ಟಿನ ಅರ್ಧ. ಅದರ ಬದಲು 2, 3, 4, 6 ಇಟ್ಟರೆ ಒಟ್ಟು 42, ಚಾಂಪಿಯನ್ ಹೆಸರಿನ ಪಾಲು ಅದೇ 15, ಅಂದರೆ ಮೂರನೇ ಒಂದಕ್ಕಿಂತ ತುಸು ಹೆಚ್ಚು. ಪ್ರೀ ಕ್ವಾರ್ಟರ್‌ನ ಎಂಟೂ ಪಂದ್ಯ ಸರಿ ಹೇಳಿದವರಿಗೆ 16 ಅಂಕ ಸಿಕ್ಕಿ, ಚಾಂಪಿಯನ್ ತಪ್ಪಿದರೂ ಪೈಪೋಟಿಯಲ್ಲಿ ಉಳಿಯುತ್ತಾರೆ. ಪೂರ್ತಿ ಪಟ್ಟಿಯನ್ನೇ ಆರಿಸುವುದಾದರೆ ಈ ಎರಡನೆಯ ಹಂಚಿಕೆ ಇಡಿ.

ಇದಕ್ಕೆ ಎರಡನೇ ಅವಕಾಶದ ಹಾಳೆ ಸೇರಿಸುವುದೂ ಒಳ್ಳೆಯದು. ಸೆಮಿಫೈನಲ್ ಮುಂಚೆ ಎಲ್ಲರೂ ಉಳಿದ ಮೂರು ಪಂದ್ಯಗಳನ್ನು ಮತ್ತೆ ಬರೆದು ಕೊಡಲಿ, ಅದಕ್ಕೆ ಬೇರೆಯೇ ಒಂದು ಸಣ್ಣ ಬಹುಮಾನ ಇರಲಿ. ತಡವಾಗಿ ಬಂದವರೂ ಅಲ್ಲಿ ಸೇರಿಕೊಳ್ಳಬಹುದು.

ಸುತ್ತು ಸುತ್ತಿನ ಊಹೆ

ಪ್ರತಿ ಸುತ್ತು ಶುರುವಾಗುವ ಮುಂಚೆ, ಆ ಸುತ್ತಿನ ಪಂದ್ಯಗಳಿಗೆ ಮಾತ್ರ ಉತ್ತರ ಕೊಡುವುದು. ನಮ್ಮ ಮತ ಇದಕ್ಕೇ. ಹಿಂದಿನ ಸುತ್ತಿನಲ್ಲಿ ಎಲ್ಲ ತಪ್ಪಿದವರೂ ಮುಂದಿನ ಸುತ್ತಿಗೆ ಹೊಸ ಹಾಳೆಯೊಂದಿಗೆ ಬರುತ್ತಾರೆ. ಸುತ್ತು ಮೇಲೇರಿದಂತೆ ಅಂಕ ಹೆಚ್ಚಿಸಿದರೆ (ಇಲ್ಲಿಯೂ 2, 3, 4, 6 ಸಾಕು) ಕೊನೆಯ ಮೂರು ಪಂದ್ಯಗಳಲ್ಲಿ 14 ಅಂಕ ಬಾಕಿ ಇರುತ್ತದೆ. ಹತ್ತು ಅಂಕ ಹಿಂದಿರುವವರಿಗೂ ಸೆಮಿಫೈನಲ್ ನೋಡಲು ಕಾರಣ ಉಳಿಯುತ್ತದೆ.

ತೆರಬೇಕಾದದ್ದು ಸಮಯ. ಮೂವತ್ತು ಜನರಿಗೆ 15 ಪಂದ್ಯ ಎಂದರೆ 450 ಉತ್ತರ, ನಾಲ್ಕು ಸಲ ನೆನಪಿಸುವ ಕೆಲಸ, ನಾಲ್ಕು ಸಲ ಗಡುವು. ಪ್ರತಿ ಸುತ್ತಿಗೂ ನಾಲ್ಕೈದು ಜನ ಮರೆಯುತ್ತಾರೆ ಎಂದೇ ಲೆಕ್ಕ ಹಾಕಿಕೊಳ್ಳಿ. ಮರೆತವರಿಗೆ ಸೊನ್ನೆ ಕೊಟ್ಟರೆ ಅವರು ಮೆಲ್ಲಗೆ ಆಟ ಬಿಡುತ್ತಾರೆ. ಬದಲಿಗೆ ಟೈಸ್ ಪಟ್ಟಿಯಲ್ಲಿ ಮೇಲಿರುವ ತಂಡವನ್ನೇ ಅವರು ಆರಿಸಿದಂತೆ ಎಂದು ಮೊದಲೇ ನಿಯಮ ಮಾಡಿ. ಇದರಲ್ಲಿ ಯಾರ ಒಲವೂ ಬೆರೆಯುವುದಿಲ್ಲ, ಮರೆತವರೂ ಒಳಗೇ ಇರುತ್ತಾರೆ.

ಹಾಕಿ ಬಲ್ಲವರ ಗುಂಪಾದರೆ ಇದಕ್ಕೆ ಒಂದು ಮೆರುಗು ಕೊಡಬಹುದು, ನಂಬಿಕೆಯ ಅಂಕ. ಎಂಟು ಪಂದ್ಯಗಳ ಸುತ್ತಿನಲ್ಲಿ ಪ್ರತಿ ಊಹೆಯ ಪಕ್ಕ 8ರಿಂದ 1ರವರೆಗಿನ ಒಂದು ಅಂಕ ಬರೆಯಬೇಕು, ಒಂದು ಅಂಕ ಒಂದೇ ಸಲ. ಖಚಿತವಾಗಿ ಗೆಲ್ಲುತ್ತದೆ ಅನ್ನಿಸಿದ ತಂಡಕ್ಕೆ 8, ಯಾವುದೂ ಹೇಳಲಾಗದ ಪಂದ್ಯಕ್ಕೆ 1. ಗೆದ್ದವರನ್ನು ಎಲ್ಲರೂ ಹೇಳುತ್ತಾರೆ, ಎಷ್ಟು ಖಚಿತವಾಗಿ ಹೇಳಿದರು ಎಂಬುದರಲ್ಲಿ ಬಲ್ಲವರು ಬೇರೆಯಾಗುತ್ತಾರೆ. ಇಲ್ಲಿ ಆಗುವ ತಪ್ಪು ಒಂದೇ ಅಂಕವನ್ನು ಎರಡು ಸಲ ಬರೆಯುವುದು. ಒಟ್ಟು 36 ಬಂದರೆ ಸರಿ ಎಂದು ಕೂಡಿ ನೋಡಿ ಬಿಡಬೇಡಿ: 8, 8, 5, 5, 4, 3, 2, 1 ಕೂಡಿದರೂ 36ಏ. ಒಂದೊಂದೇ ಅಂಕವನ್ನು ಗುರುತು ಹಾಕಿ ನೋಡಬೇಕು. ಇಪ್ಪತ್ತು ಜನ ಮೀರಿದ ಗುಂಪಿಗೆ ಇದು ಬೇಡ.

ಸ್ಕೋರ್ ಊಹೆ

3-1, 4-2 ಎಂದು ಗೋಲು ಸಮೇತ ಹೇಳುವುದು. ಕೇಳಲು ರೋಮಾಂಚನ, ಆದರೆ ಇಡೀ ಆಟವನ್ನು ಇದರ ಮೇಲೆ ನಿಲ್ಲಿಸಬೇಡಿ. ಹಾಕಿಯಲ್ಲಿ ಒಂದು ಪೆನಾಲ್ಟಿ ಕಾರ್ನರ್ ಸ್ಕೋರನ್ನು ತಿರುಗಿಸುತ್ತದೆ, ಕೊನೆಯ ಐದು ನಿಮಿಷದಲ್ಲಿ ಗೋಲ್‌ಕೀಪರನ್ನು ತೆಗೆದು ಆಡುವ ತಂಡ ಇನ್ನಷ್ಟು ಗೋಲು ಬಿಟ್ಟುಕೊಡಬಹುದು. ಅಚ್ಚು ಸ್ಕೋರ್ ಹೇಳುವುದು ಅಪರೂಪ, ಹೇಳಿದವರು ಹೆಚ್ಚು ಬಲ್ಲವರು ಎಂದೂ ಅಲ್ಲ.

ಜಗಳ ಏಳುವುದು ಶೂಟೌಟ್‌ನಲ್ಲಿ. ಪಂದ್ಯ 2-2ರಲ್ಲಿ ನಿಂತು ಶೂಟೌಟ್‌ನಲ್ಲಿ 4-3 ಆದರೆ, ‘2-2, ಗೆಲುವು ಇವರದ್ದು’ ಎಂದು ಬರೆದವರಿಗೆ ಅಂಕವೋ, ‘3-2’ ಎಂದವರಿಗೋ? ಪ್ರತಿ ತಂಡದ ಐವರು 23 ಮೀಟರ್ ಗೆರೆಯಿಂದ ತಲಾ 8 ಸೆಕೆಂಡಿನಲ್ಲಿ ಹೊಡೆಯುವ ಶೂಟೌಟ್ ಗೆಲ್ಲುವ ತಂಡವನ್ನು ತೀರ್ಮಾನಿಸಲು ಇರುವುದು, ಪಂದ್ಯದ ಸ್ಕೋರಿಗೆ ಅದು ಸೇರುವುದಿಲ್ಲ. ನಿಮ್ಮ ನಿಯಮವೂ ಹಾಗೇ ಇರಲಿ: ಸ್ಕೋರ್ ಎಂದರೆ ಆಟದ ಸಮಯ ಮುಗಿದಾಗಿನದು, ಗೆಲುವು ಎಂದರೆ ಮುಂದಿನ ಸುತ್ತಿಗೆ ಹೋದವರದ್ದು. ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಅಂಕ ಕೊಡುವುದಾದರೆ ಗೆದ್ದ ತಂಡ ಸರಿಯಾದರೆ 2, ಗೋಲಿನ ಅಂತರವೂ ಸರಿಯಾದರೆ 3, ಅಚ್ಚು ಸ್ಕೋರಿಗೆ 5.

ಸ್ಕೋರ್ ಊಹೆಗೆ ಸರಿಯಾದ ಜಾಗ ಸೆಮಿಫೈನಲ್ ಮತ್ತು ಫೈನಲ್. ಇನ್ನೂ ಒಳ್ಳೆಯ ಬಳಕೆ, ಅಂಕ ಸಮವಾದಾಗ ಒಬ್ಬರನ್ನು ಆರಿಸಲು: ಫೈನಲ್‌ನಲ್ಲಿ ಎರಡೂ ತಂಡ ಸೇರಿ ಎಷ್ಟು ಗೋಲು? ಹತ್ತಿರ ಹೇಳಿದವರು ಮೇಲೆ.

ಉಳಿದವರ ಆಟ

ಸುತ್ತಿಗೆ ಒಂದೇ ತಂಡ ಆರಿಸಬೇಕು. ಗೆದ್ದರೆ ಉಳಿಯುತ್ತೀರಿ, ಸೋತರೆ ಹೊರಗೆ, ಒಮ್ಮೆ ಆರಿಸಿದ ತಂಡವನ್ನು ಮತ್ತೆ ಆರಿಸುವಂತಿಲ್ಲ. ಲೆಕ್ಕ ಬಲು ಸುಲಭ. ಒಬ್ಬರು ಒಂದು ನೋಟ್‌ಬುಕ್‌ನಲ್ಲಿ ನೂರು ಜನರನ್ನು ನಡೆಸಬಹುದು.

ಜನ ಎಷ್ಟು ಬೇಗ ಕರಗುತ್ತಾರೆ ನೋಡಿ. ಪ್ರತಿಯೊಬ್ಬರ ಊಹೆಯೂ ಹತ್ತರಲ್ಲಿ ಏಳು ಸಲ ಸರಿ ಎಂದಿಟ್ಟುಕೊಂಡರೆ, 32ರಿಂದ ಶುರುವಾದ ಐದು ಸುತ್ತು ದಾಟುವವರು ನೂರಕ್ಕೆ 17. ಮೂವತ್ತು ಜನರಲ್ಲಿ ಐವರು. ಒಂದು ಸೋಲನ್ನು ಮನ್ನಿಸಿದರೆ, ಅಂದರೆ ತಲಾ ಎರಡು ‘ಜೀವ’ ಕೊಟ್ಟರೆ, ಉಳಿಯುವವರು ಹದಿನಾರರ ಆಸುಪಾಸು. ಆದ್ದರಿಂದ ಎರಡು ಜೀವ ಕಡ್ಡಾಯ ಎನ್ನಬೇಕು. ಇನ್ನೊಂದು ಕಷ್ಟ ನಾಕೌಟ್‌ಗೇ ಅಂಟಿಕೊಂಡದ್ದು: ಫೈನಲ್‌ಗೆ ಬರುವುದು ಎರಡೇ ತಂಡ. ಬಲವಾದ ತಂಡಗಳನ್ನು ಮೊದಲೇ ಖರ್ಚು ಮಾಡಿದವರ ಬಳಿ ಅವೆರಡರಲ್ಲಿ ಒಂದೂ ಉಳಿದಿರುವುದಿಲ್ಲ, ಊಹೆ ಎಲ್ಲ ಸರಿಯಿದ್ದೂ ಹೊರಗೆ ಬೀಳುತ್ತಾರೆ. ಹಾಗಾಗಿ ಇದನ್ನು ಸೆಮಿಫೈನಲ್‌ಗೆ ಮುಗಿಸಿ, ಉಳಿದವರ ನಡುವೆ ಫೈನಲ್‌ಗೆ ಗೋಲಿನ ಊಹೆ ಇಡಿ. ಇಡೀ ಉತ್ಸವದ ಆಟವಾಗಿ ಅಲ್ಲ, ಆರಂಭದ ಸುತ್ತುಗಳಲ್ಲಿ ಜನರನ್ನು ಸೇರಿಸುವ ಪಕ್ಕದ ಆಟವಾಗಿ ಇದು ಚೆನ್ನ.

ಚೀಟಿ ಎತ್ತುವುದು

ಅಜ್ಜಿಯಿಂದ ಆರು ವರ್ಷದ ಮಗುವಿನವರೆಗೆ ಎಲ್ಲರನ್ನೂ ಸೇರಿಸುವ ಮನೆಯ ಆಟ ಬೇಕಿದ್ದರೆ ಚೀಟಿಗೆ ಸಮ ಯಾವುದೂ ಇಲ್ಲ. 16 ತಂಡಗಳ ಹೆಸರು ಬರೆದು ಮಡಚಿ ಎತ್ತಿದರೆ ಆಯಿತು. ಹಾಕಿ ಗೊತ್ತಿರಬೇಕಿಲ್ಲ, ಫೋನ್ ಬೇಕಿಲ್ಲ, ಗಡುವು ಇಲ್ಲ.

ಒಬ್ಬರಿಗೆ ಒಂದೇ ಚೀಟಿ ಕೊಟ್ಟರೆ ಮೊದಲ ಸುತ್ತಿಗೇ ಅರ್ಧ ಮನೆ ಹೊರಗೆ. ಎಂಟು ಜನರಿಗೆ ತಲಾ ಎರಡು ಚೀಟಿ ಕೊಡಿ, ಆದರೆ ಎರಡು ಡಬ್ಬಿಯಿಂದ: ಟೈಸ್ ಪಟ್ಟಿಯ ಮೇಲರ್ಧದ ಎಂಟು ತಂಡ ಒಂದರಲ್ಲಿ, ಕೆಳಗಿನ ಎಂಟು ಇನ್ನೊಂದರಲ್ಲಿ. ಹೀಗೆ ಮಾಡಿದರೆ ಒಬ್ಬರ ಎರಡು ತಂಡ ಫೈನಲ್‌ಗಿಂತ ಮುಂಚೆ ಪರಸ್ಪರ ಎದುರಾಗುವುದಿಲ್ಲ. ಕಪ್ ಗೆದ್ದವರಿಗಷ್ಟೇ ಬಹುಮಾನ ಎನ್ನುವ ಬದಲು ಗೆಲುವಿಗೆ 3, ಹೊಡೆದ ಪ್ರತಿ ಗೋಲಿಗೆ 1 ಅಂಕ ಇಟ್ಟರೆ ಸೋತ ಪಂದ್ಯದಲ್ಲೂ ಮಕ್ಕಳಿಗೆ ಎಣಿಸಲು ಏನಾದರೂ ಇರುತ್ತದೆ. ಮೊದಲ ಪಂದ್ಯದ ಮುಂಚೆ ಇಬ್ಬರೂ ಒಪ್ಪಿದರೆ ಒಂದು ಸಲ ಚೀಟಿ ಬದಲಿಸಿಕೊಳ್ಳಲು ಬಿಡಿ. ಸ್ವಂತ ಒಕ್ಕದ ಚೀಟಿ ಬಾವನ ಕೈಗೆ ಹೋದರೆ ಅದನ್ನು ಮರಳಿ ಪಡೆಯುವ ದಾರಿ ಇರಬೇಕು.

ಇದರ ದೊಡ್ಡಣ್ಣ ಹರಾಜು. ಪ್ರತಿಯೊಬ್ಬರಿಗೂ 100 ಕಾಲ್ಪನಿಕ ಅಂಕ, ಒಂದೊಂದೇ ತಂಡದ ಹೆಸರು ಕೂಗಿ ಹೆಚ್ಚು ಕೂಗಿದವರಿಗೆ ಕೊಡುವುದು. ತಂಡಗಳನ್ನು ಬಲ್ಲ ಎಂಟು ಹತ್ತು ಗೆಳೆಯರಿಗೆ ಒಂದು ಸಂಜೆಯ ಹಬ್ಬ ಇದು. ತಂಡಕ್ಕೆ ಐದು ನಿಮಿಷ ಹಿಡಿದರೆ 16 ತಂಡಕ್ಕೆ 80 ನಿಮಿಷ. ಎಲ್ಲರೂ ಒಂದೇ ಕಡೆ ಸೇರಲು ಆಗದಿದ್ದರೆ ಕೈ ಹಾಕಬೇಡಿ, ಫೋನಿನಲ್ಲಿ ಹರಾಜು ಕೂಗುವುದು ಆಗದ ಮಾತು.

ಸ್ವಂತ ಒಕ್ಕದ ಪ್ರಶ್ನೆ

ಬೇರೆ ಊರಿನ, ಬೇರೆ ಆಟದ ಊಹೆಯ ಪಂದ್ಯಗಳ ನಿಯಮವನ್ನು ಹಾಗೆಯೇ ತಂದರೆ ಇಲ್ಲಿ ಕೆಲಸ ಮಾಡದಿರಲು ಇದೇ ಕಾರಣ. ಇಲ್ಲಿ ತಂಡ ಎಂದರೆ ಕುಟುಂಬ. ತಮ್ಮ ಒಕ್ಕ ಸೋಲುತ್ತದೆ ಎಂದು ಯಾರೂ ಬರೆಯುವುದಿಲ್ಲ, ಬರೆಯಬಾರದು ಕೂಡ. ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನ ತಂಡ ಒಂದು ಕಡೆ, ಗಂಡನ ಮನೆಯ ತಂಡ ಇನ್ನೊಂದು ಕಡೆ. ಪೂರ್ತಿ ಪಟ್ಟಿಯಲ್ಲಿ ಸ್ವಂತ ಒಕ್ಕವನ್ನು ಚಾಂಪಿಯನ್ ಎಂದು ಬರೆದವರು ಆ ಪ್ರೀತಿಗೆ 15 ಅಂಕ ತೆರುತ್ತಾರೆ. ಅದು ನ್ಯಾಯವಲ್ಲ.

ಎರಡು ಪರಿಹಾರಗಳಿವೆ. ಸುತ್ತು ಸುತ್ತಿನ ಆಟದಲ್ಲಿ ಸ್ವಂತ ಒಕ್ಕದ (ಬೇಕಿದ್ದರೆ ತವರಿನದ್ದೂ ಸೇರಿ) ಪಂದ್ಯವನ್ನು ಆ ವ್ಯಕ್ತಿಯ ಲೆಕ್ಕದಿಂದ ಬಿಟ್ಟು, ಅದೇ ಪಂದ್ಯದಲ್ಲಿ ಉಳಿದವರು ಸರಾಸರಿ ಗಳಿಸಿದ ಅಂಕ ಕೊಡುವುದು. 3 ಅಂಕದ ಪಂದ್ಯದಲ್ಲಿ ಇಪ್ಪತ್ತು ಜನರಲ್ಲಿ ಹತ್ತು ಜನ ಸರಿ ಹೇಳಿದ್ದರೆ ಇವರಿಗೆ 1.5. ಪೂರ್ತಿ ಪಟ್ಟಿಯಲ್ಲಿ ಇದು ಹೊಂದುವುದಿಲ್ಲ. ಅಲ್ಲಿ ಹಾಳೆಯ ತಲೆಯಲ್ಲಿ ‘ನಮ್ಮ ಒಕ್ಕ’ ಎಂಬ ಬೇರೆ ಜಾಗ ಬಿಡಿ. ಆ ತಂಡ ಗೆದ್ದ ಪ್ರತಿ ಪಂದ್ಯಕ್ಕೂ ಒಂದು ಅಂಕ, ಸೋತರೆ ಏನೂ ಕಳೆಯುವುದಿಲ್ಲ. ಪಟ್ಟಿಯ ಒಳಗೆ ನಿಜವಾದ ಊಹೆ ಬರೆಯಲು ಆಗ ಮನಸ್ಸು ಬರುತ್ತದೆ.

ಆಡುವವರು, ಅಂಪೈರ್ ಆಗಿ ನಿಲ್ಲುವವರು, ಸಂಘಟನೆಯಲ್ಲಿ ಇರುವವರು ತಾವು ಭಾಗಿಯಾದ ಪಂದ್ಯಕ್ಕೆ ಊಹೆ ಕೊಡಬಾರದು. ಅವರಿಗೂ ಅದೇ ಸರಾಸರಿ ಅಂಕ ಕೊಡಿ. ಸ್ನೇಹದ ಆಟವೇ ಆದರೂ ಮೈದಾನದ ಮೇಲೆ ಒಂದು ಅನುಮಾನದ ಗೆರೆಯೂ ಬೀಳಬಾರದು.

ಎಲ್ಲಿ ಬರೆದಿಡುವುದು

ನೋಟ್‌ಬುಕ್, ವಾಟ್ಸ್‌ಆ್ಯಪ್, ಗೂಗಲ್ ಫಾರ್ಮ್. ಹತ್ತು ಹನ್ನೆರಡು ಜನರವರೆಗೆ ನೋಟ್‌ಬುಕ್ಕೇ ಸಾಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಕರೆಂಟು ಹೋಗಿ ಟವರ್ ಸತ್ತಾಗಲೂ ಅದು ಕೈಕೊಡುವುದಿಲ್ಲ.

ವಾಟ್ಸ್‌ಆ್ಯಪ್ ಪೋಲ್ ಎಲ್ಲರಿಗೂ ಸುಲಭ, ಆದರೆ ಅದರಲ್ಲಿ ಎರಡು ತೂತು. ಯಾರು ಏನು ಒತ್ತಿದರು ಎಂಬುದು ಎಲ್ಲರಿಗೂ ಕಾಣುವುದರಿಂದ ಮುಂದಿರುವವರನ್ನೇ ಉಳಿದವರು ಹಿಂಬಾಲಿಸುತ್ತಾರೆ. ಒತ್ತಿದ್ದನ್ನು ಆಮೇಲೂ ಬದಲಿಸಬಹುದು. ಪೋಲ್ ಬಳಸುವುದಾದರೆ ಗಡುವಿನ ಕ್ಷಣಕ್ಕೆ ಸ್ಕ್ರೀನ್‌ಶಾಟ್ ತೆಗೆದು ಅಲ್ಲೇ ಗುಂಪಿಗೆ ಹಾಕಿ, ಆ ಚಿತ್ರವೇ ದಾಖಲೆ. ಮೆಸೇಜಿನಲ್ಲಿ ಬರೆದು ಕಳಿಸುವ ಪದ್ಧತಿ ಇದ್ದರೆ, ಕಳಿಸಿದ ಮೆಸೇಜನ್ನು 15 ನಿಮಿಷದವರೆಗೆ ತಿದ್ದಬಹುದು ಎಂಬುದು ನೆನಪಿರಲಿ. ಗಡುವನ್ನು ಪಂದ್ಯಕ್ಕೆ 20 ನಿಮಿಷ ಮುಂಚೆ ಇಟ್ಟರೆ ತಿದ್ದುವ ಅವಕಾಶ ಪಂದ್ಯ ಶುರುವಾಗಲು ಐದು ನಿಮಿಷ ಇರುವಾಗಲೇ ಮುಗಿದಿರುತ್ತದೆ. ಅಳಿಸಿದ ಮೆಸೇಜ್ ಇಲ್ಲದ ಊಹೆ ಎಂದು ಲೆಕ್ಕ. ಯೂಟ್ಯೂಬ್ ಲೈವ್ ಮೈದಾನಕ್ಕಿಂತ ಹಿಂದೆ ಓಡುತ್ತದೆ, ಆದ್ದರಿಂದ ದುಬೈಯಲ್ಲೋ ಬೆಂಗಳೂರಲ್ಲೋ ಕೂತವರಿಗೂ ಗಡುವು ಗಡಿಯಾರದ್ದೇ, ಪರದೆಯದ್ದಲ್ಲ.

ಇಪ್ಪತ್ತೈದು ಜನ ಮೀರಿದರೆ ಗೂಗಲ್ ಫಾರ್ಮ್‌ಗೆ ಹೋಗಿ. ಪ್ರತಿ ಉತ್ತರದ ಜೊತೆ ಬಂದ ಹೊತ್ತು ತಾನಾಗಿ ದಾಖಲಾಗುತ್ತದೆ, ಉತ್ತರ ತಿದ್ದುವ ಅವಕಾಶವನ್ನು ಮುಚ್ಚಬಹುದು, ಗಡುವಿಗೆ ಫಾರ್ಮ್ ನಿಲ್ಲಿಸಬಹುದು. ಇಲ್ಲಿ ಎಲ್ಲರೂ ಸಿಕ್ಕಿಬೀಳುವ ಜಾಗ ಹೆಸರಿನ ಕಾಗುಣಿತ. ಅಪ್ಪಚೆಟ್ಟೋಳಂಡ ಎಂಬ ಹೆಸರನ್ನು ನಾಲ್ಕು ಜನ ನಾಲ್ಕು ಬಗೆಯಲ್ಲಿ ಬರೆದರೆ ಶೀಟ್ ನಾಲ್ಕು ತಂಡ ಎಂದು ತಿಳಿಯುತ್ತದೆ. ಬೇರೆ ಊರಿನ, ಒಂದೇ ಹೆಸರಿನ ಒಕ್ಕಗಳೂ ಇರುವುದರಿಂದ ಕುಪ್ಪಂಡ ಎಂದಷ್ಟೇ ಬರೆದರೆ ಸಾಲದು, ಕೈಕೇರಿಯ ಕುಪ್ಪಂಡ ಎಂದು ಊರು ಸೇರಬೇಕು. ಬರೆಯಲು ಬಿಡದೆ ಆರಿಸುವ ಪಟ್ಟಿ ಕೊಡಿ, ತಂಡಕ್ಕೊಂದು ಸಂಖ್ಯೆ ಇಡಿ, ಲೆಕ್ಕ ಆ ಸಂಖ್ಯೆಯ ಮೇಲೆ ನಡೆಯಲಿ. ಶೀಟಿನಲ್ಲಿ ಅಂಕ ಕೂಡಿಸುವ ಸೂತ್ರ ಬರೆಯುವಾಗ ಫಲಿತಾಂಶದ ಕೋಶ ಖಾಲಿ ಇದ್ದರೆ ಸೊನ್ನೆ ಎಂಬ ಷರತ್ತು ಸೇರಿಸಲೇಬೇಕು. ಇಲ್ಲದಿದ್ದರೆ ಖಾಲಿ ಉತ್ತರ ಖಾಲಿ ಫಲಿತಾಂಶಕ್ಕೆ ಹೊಂದಿ, ಇನ್ನೂ ನಡೆಯದ ಪಂದ್ಯಕ್ಕೆ ಮರೆತವರಿಗೆಲ್ಲ ಅಂಕ ಬೀಳುತ್ತದೆ.

ದುಡ್ಡು ಮತ್ತು ಬಹುಮಾನ

ತಲಾ ಇಷ್ಟು ಎಂದು ಸಂಗ್ರಹಿಸಿ ಗೆದ್ದವರಿಗೆ ಕೊಡುವುದು ಬೇಡ. ಫಲಿತಾಂಶದ ಮೇಲೆ ಹಣ ಕಟ್ಟುವುದು ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಜೂಜಿನ ಕಲಮುಗಳ ಅಡಿ ಬರುತ್ತದೆ. ಕಾನೂನು ಹಾಗಿರಲಿ, ಕುಟುಂಬಗಳು ಒಂದಾಗಲೆಂದು ಹುಟ್ಟಿದ ಉತ್ಸವದ ಮೇಲೆ ದುಡ್ಡಿನ ಪಂಥ ಕಟ್ಟುವುದು ಒಪ್ಪುವ ಕೆಲಸವೂ ಅಲ್ಲ. ಪ್ರವೇಶ ಉಚಿತ ಇರಲಿ, ಬಹುಮಾನವನ್ನು ಯಾರಾದರೂ ಒಬ್ಬರು ಪ್ರೀತಿಯಿಂದ ಕೊಡಲಿ: ತೋಟದ ಕಾಫಿ ಪುಡಿ ಒಂದು ಕೆಜಿ, ಜೇನು, ಕಾಚಂಪುಳಿಯ ಒಂದು ಬಾಟಲಿ. ಖರ್ಚಿಗೆ ಸ್ವಲ್ಪ ಹೆಚ್ಚು ಇದ್ದರೆ ವರ್ಷದಿಂದ ವರ್ಷಕ್ಕೆ ಕೈ ಬದಲಾಗುವ ಒಂದು ಸಣ್ಣ ಟ್ರೋಫಿ ಮಾಡಿಸಿ, ಗೆದ್ದವರ ಹೆಸರು ಕೆತ್ತಿಸುತ್ತಾ ಹೋಗಿ. ಒಂದೇ ದೊಡ್ಡ ಬಹುಮಾನಕ್ಕಿಂತ ಮೂರು ಸಣ್ಣವು ಮೇಲು: ಒಟ್ಟು ಅಂಕಕ್ಕೆ ಒಂದು, ಸೆಮಿಫೈನಲ್‌ನಿಂದ ಈಚೆಗಿನ ಅಂಕಕ್ಕೆ ಒಂದು, ಯಾರೂ ನಂಬದ ತಂಡವನ್ನು ಒಬ್ಬರೇ ನಂಬಿ ಸರಿ ಹೇಳಿದವರಿಗೆ ಒಂದು.

ಯಾರಿಗೆ ಯಾವುದು

ಮನೆಮಂದಿ, ವಯಸ್ಸು ಎಲ್ಲ ಬೆರೆತವರು, ಹದಿನೈದರ ಒಳಗೆ: ಎರಡು ಡಬ್ಬಿಯ ಚೀಟಿ. ಬ್ಯಾಂಕು, ಶಾಲೆ, ತೋಟದ ಕಚೇರಿಯ ಹದಿನೈದರಿಂದ ನಲವತ್ತು ಜನ, ದಿನಕ್ಕೆ ಇಪ್ಪತ್ತು ನಿಮಿಷ ಕೊಡುವ ಒಬ್ಬರಿದ್ದರೆ: 16ರಿಂದ ಸುತ್ತು ಸುತ್ತಿನ ಊಹೆ. ಆ ಒಬ್ಬರು ಸಿಗದಿದ್ದರೆ ಪೂರ್ತಿ ಪಟ್ಟಿ, 2-3-4-6 ಅಂಕ, ಸೆಮಿಫೈನಲ್‌ಗೆ ಎರಡನೇ ಹಾಳೆ. ಸಂಘ ಸಮಾಜದ ನೂರಕ್ಕೂ ಹೆಚ್ಚು ಜನರಿಗೂ ಅದೇ, ಫಾರ್ಮ್ ಮೂಲಕ. ತಾವೇ ಕೋಲು ಹಿಡಿದು ಬೆಳೆದ ಎಂಟು ಹತ್ತು ಗೆಳೆಯರಾದರೆ ನಂಬಿಕೆಯ ಅಂಕ ಅಥವಾ ಹರಾಜು.

ಆರಿಸಿದ ಮೇಲೆ ನಿಯಮಗಳನ್ನು ಒಂದೇ ಮೆಸೇಜಿನಲ್ಲಿ ಬರೆದು, ಮೊದಲ ಗಡುವಿಗೆ ಎರಡು ದಿನ ಮುಂಚೆ ಗುಂಪಿಗೆ ಹಾಕಿ ಪಿನ್ ಮಾಡಿ. ಅದರಲ್ಲಿ ಈ ನಾಲ್ಕು ಇರಲೇಬೇಕು. ಮಳೆಗೆ ಪಂದ್ಯ ಮುಂದೆ ಹೋದರೆ ಕೊಟ್ಟ ಊಹೆ ಹಾಗೇ ನಿಲ್ಲುತ್ತದೆ, ಹೊಸದಾಗಿ ಕೇಳುವುದಿಲ್ಲ. ಎದುರಾಳಿ ಬಾರದೆ ವಾಕ್ ಓವರ್ ಆದರೆ ಪೂರ್ತಿ ಪಟ್ಟಿಯಲ್ಲಿ ಮುಂದೆ ಹೋದ ತಂಡಕ್ಕೆ ಅಂಕ ಸಿಗುತ್ತದೆ, ಸುತ್ತು ಸುತ್ತಿನ ಆಟದಲ್ಲಿ ಆ ಪಂದ್ಯವೇ ರದ್ದು. ಫಲಿತಾಂಶದ ಬಗ್ಗೆ ತಕರಾರು ಎದ್ದರೆ ಸಂಘಟಕರು ಘೋಷಿಸಿದ್ದೇ ಕೊನೆ. ಅಂಕ ಸಮವಾದರೆ ಮೊದಲು ಚಾಂಪಿಯನ್ ಸರಿ ಹೇಳಿದವರು, ಆಮೇಲೆ ಫೈನಲ್‌ನ ಗೋಲಿನ ಸಂಖ್ಯೆಗೆ ಹತ್ತಿರದವರು, ಅಲ್ಲೂ ಸಮವಾದರೆ ಬಹುಮಾನ ಹಂಚಿಕೆ.

ಅಂಕಪಟ್ಟಿಯನ್ನು ಪ್ರತಿ ಸುತ್ತಿನ ಕೊನೆಯ ದಿನ ರಾತ್ರಿಯೇ ಹಾಕಿ, ಬರೀ ಮೊದಲ ಮೂವರದ್ದಲ್ಲ, ಎಲ್ಲರದ್ದೂ. ತಪ್ಪು ಕಂಡವರು ಮರುದಿನ ಸಂಜೆಯೊಳಗೆ ಹೇಳಬೇಕು, ಆಮೇಲೆ ಆ ಸುತ್ತಿನ ಲೆಕ್ಕ ಮುಚ್ಚಿತು. ಪಟ್ಟಿಯ ಪಕ್ಕ ಇನ್ನು ಎಷ್ಟು ಅಂಕ ಬಾಕಿ ಇದೆ ಎಂದೂ ಬರೆಯಿರಿ. ಹಿಂದೆ ಬಿದ್ದವರು ಮೊದಲು ನೋಡುವುದು ಆ ಸಂಖ್ಯೆಯನ್ನೇ.